ಕಲ್ಲವ್ವನ ಹೊಲದಲ್ಲಿ ಹುಗಿದ ತಗಡು

ಹೋದ ತಿಂಗಳು ರಾಮದುರ್ಗದಲ್ಲಿ ನನ್ನ ಅಕ್ಕನ ಮೊಮ್ಮಗಳ ಮದುವೆ ಇತ್ತು. ಹಂದರದ ಕಂಬಕ್ಕೆ ಹೊಸ ಶೋಕಿಯ ಲೌಡ್‌ಸ್ಪೀಕರ್ ಕಟ್ಟಿದ್ದರು. ಅದನ್ನು ತಂದವನು ಕರೆಂಟಿಗಾಗಿ ಒಂದು ಸಣ್ಣ ಎಂಜಿನ್ನನ್ನೂ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದ. ಎಂಜಿನ್ ಶುರುವಾದದ್ದೇ ತಡ, ಸ್ಪೀಕರಿನೊಳಗಿಂದ ‘ಗುಂಯ್’ ಎಂದು ಒಂದೇ ಸಮನೆ ಸದ್ದು. ಅಯ್ಯನವರು ಮಂತ್ರ ಹೇಳಿದರೂ ಗುಂಯ್, ಬೀಗರ ಹೆಸರು ಕೂಗಿದರೂ ಗುಂಯ್. ಆತ ಪೆಟ್ಟಿಗೆಯ ಕಿವಿ ಹಿಂಡಿದ, ಮೇಲೆ ಗುದ್ದಿದ, ಕಡೆಗೆ ಅದಕ್ಕೆ ಕೈಯನ್ನೂ ಮುಗಿದ. ನನಗೆ ಕುಂತಲ್ಲಿ ಕೂಡಲಾಗಲಿಲ್ಲ. ಎದ್ದು ಹೋಗಿ ಕೇಳಿದೆ.

“ನೆಲದ ತಂತಿ ಎಲ್ಲಿ ಕಟ್ಟೀಯಪಾ?”

“ಮುತ್ಯಾ, ನೀವು ಬುಂದೆ ಉಣ್ಣಾಕ ನಡೀರಿ. ಇದು ನಿಮ್ಮ ಕಾಲದ್ದಲ್ಲ.”

ನನ್ನ ಕಾಲದ್ದಲ್ಲವಂತೆ! ಅವನಪ್ಪನಿಗೆ ಇನ್ನೂ ಮೀಸೆ ಮೂಡದಿದ್ದ ಕಾಲಕ್ಕೆ ನಾನು ಇದೇ ಗುಂಯ್ ಜೊತೆ ಒಂದು ಬೇಸಿಗೆ ಪೂರಾ ಜಗಳಾಡಿದ್ದೇನೆ. ಅವನ ಪೆಟ್ಟಿಗೆ ಅವನಿಗಿರಲಿ ಎಂದು ಪಂಕ್ತಿಗೆ ಹೋಗಿ ಕುಳಿತೆ. ಬುಂದೆ ಬಡಿಸಿದರು, ಉಂಡೆ. ಆದರೆ ಮನಸ್ಸು ಆಗಲೇ ಬೈಲಹೊಂಗಲಕ್ಕೆ ಹೋಗಿ ಕುಳಿತಿತ್ತು.

ಆಗಿನ್ನೂ ಮೊದಲನೆಯ ಮಹಾಯುದ್ಧ ಶುರುವಾಗಿರಲಿಲ್ಲ. ನನ್ನೂರು ಮುರಗೋಡ. ಹುಬ್ಬಳ್ಳಿಗೆ ಹೋಗಿ ತಂತಿ ಕೆಲಸ ಕಲಿತು ಬಂದಿದ್ದೆ. ಟೆಲಿಫೋನ್ ಕೂಡಿಸುವುದೂ ಬರುತ್ತಿತ್ತು. ನಮ್ಮ ಕಡೆ ಆ ಪೆಟ್ಟಿಗೆಯನ್ನು ಕಣ್ಣಿಂದ ಕಂಡವರೇ ಬೆರಳೆಣಿಕೆ, ಹಾಗಾಗಿ ನನಗೆ ಸ್ವಲ್ಪ ಸೊಕ್ಕೂ ಇತ್ತು. ಜನ ‘ತಂತಿ ಮಾಸ್ತರ’ ಎಂದರೆ ಎದೆ ಉಬ್ಬುತ್ತಿತ್ತು. ಸಿಟ್ಟಂತೂ ಸದಾ ಮೂಗಿನ ತುದಿಯ ಮೇಲೆ. ಒಂದು ಕೆಲಸ ಹಿಡಿದೆನೆಂದರೆ ಅದು ಮುಗಿಯುವತನಕ ಮನೆಯವರಿಗೆ ನನ್ನ ಜೊತೆ ಮಾತಾಡುವ ಧೈರ್ಯ ಇರುತ್ತಿರಲಿಲ್ಲ.

ಆ ವರ್ಷ ನನ್ನನ್ನು ಕರೆಸಿದವರು ಬೈಲಹೊಂಗಲದ ಹತ್ತಿ ಗಿರಣಿಯ ವೀರಭದ್ರಪ್ಪ ಸಾವಕಾರರು. ಗಿರಣಿ ಎಂದರೆ ಕಪಾಸಿನಿಂದ ಬೀಜ ಬಿಡಿಸುವ ಜಿನ್ನು. ಸುತ್ತಲಿನ ಎರೆಭೂಮಿಯ ಹತ್ತಿಯೆಲ್ಲ ಮಾಘ ಮಾಸದಿಂದ ಅಲ್ಲಿಗೇ ಬರುತ್ತಿತ್ತು. ಸವದತ್ತಿ ದಾರಿಯಿಂದ, ಕಿತ್ತೂರಿನ ದಾರಿಯಿಂದ ಚಕ್ಕಡಿಗಳ ಸಾಲು. ಬಂದ ಕಪಾಸನ್ನು ಕಿಟಕಿಯಿಲ್ಲದ ದೊಡ್ಡ ಕೋಠಿಯೊಳಗೆ ಒಟ್ಟುತ್ತಿದ್ದರು. ಹೆಣ್ಣುಮಕ್ಕಳು ಅಲ್ಲೇ ಕುಳಿತು ಅದರ ಕಸಕಡ್ಡಿ ಆರಿಸಬೇಕು. ಒಳಗೆ ಹಗಲಿನಲ್ಲೂ ದೀಪ ಬೇಕಾಗುತ್ತಿತ್ತು.

ಅದರ ಹಿಂದಿನ ಬೇಸಿಗೆಯಲ್ಲಿ ಆ ಕೋಠಿಯಲ್ಲಿ ಒಂದು ಕಂದೀಲು ಉರುಳಿ ಕಪಾಸಿಗೆ ಬೆಂಕಿ ಹತ್ತಿತ್ತು. ಬೆಂಕಿ ಆರಿಸುವ ನೀರು ಬರಬೇಕಾದದ್ದು ಊರಾಚೆಯ ಕೆರೆಯಿಂದ. ಅಲ್ಲಿ ಪಂಪಿನ ಮನೆಯಲ್ಲಿ ಒಂದು ಎಣ್ಣೆ ಎಂಜಿನ್ ಇತ್ತು, ಅಲ್ಲಿಂದ ಗಿರಣಿಯವರೆಗೆ ಕಬ್ಬಿಣದ ಪೈಪು. ‘ಎಂಜಿನ್ ಹಚ್ಚು, ನೀರು ಬಿಡು’ ಎಂದು ಹೇಳಲು ಒಬ್ಬ ಆಳು ಗಿರಣಿಯಿಂದ ಕೆರೆಯವರೆಗೆ ಓಡಿದ. ಅವನು ಓಡಿ, ಹೇಳಿ, ಎಂಜಿನ್ ಹೊತ್ತಿ, ನೀರು ಬರುವಷ್ಟರಲ್ಲಿ ಕೋಠಿಯ ಮಾಡು ಕುಸಿದಿತ್ತು. ಒಳಗೆ ಸಿಕ್ಕಿದ್ದವಳು ನೀಲವ್ವ ಎಂಬ ಹೆಣ್ಣುಮಗಳು. ಅವಳು ಹೊರಗೆ ಬರಲಿಲ್ಲ.

ಸಾವಕಾರರು ಕೆಟ್ಟವರಲ್ಲ. ಆ ಸಾವು ಅವರ ಎದೆಗೂ ತಟ್ಟಿತ್ತು. ಮಳೆಗಾಲದಲ್ಲೇ ಮುಂಬಯಿಯಿಂದ ಒಂದು ಹಳೆಯ ಡೈನಮೋ ತರಿಸಿದರು, ಕೋಠಿಯಲ್ಲಿ ಇನ್ನು ಕಂದೀಲು ಬೇಡ, ವಿದ್ಯುತ್ ದೀಪವೇ ಇರಲಿ ಎಂದು. ಮಳೆಗಾಲ ಮುಗಿದ ಮೇಲೆ, ಗಿರಣಿಯಿಂದ ಪಂಪಿನ ಮನೆಗೆ ಮಾತಾಡುವ ಟೆಲಿಫೋನ್ ಹಾಕಲು ನನ್ನನ್ನು ಕರೆಸಿದರು.

ಟೆಲಿಫೋನಿನ ಕೆಲಸ ಕೇಳಲು ಭಾರಿ, ಮಾಡಲು ಸರಳ. ಕಂಬದ ಮೇಲೆ ಒಂದೇ ಕಬ್ಬಿಣದ ತಂತಿ. ಮಾತು ತಂತಿಯ ಮೇಲೆ ಹೋಗುತ್ತದೆ, ತಿರುಗಿ ಬರುವ ದಾರಿ ನೆಲ. ಅದಕ್ಕೆಂದು ಎರಡೂ ತುದಿಗೆ ಒಂದೊಂದು ತಾಮ್ರದ ತಗಡನ್ನು ಹಸಿ ಮಣ್ಣು ಸಿಗುವಷ್ಟು ಆಳದಲ್ಲಿ ಹುಗಿಯಬೇಕು, ಸುತ್ತ ಇದ್ದಲಿ ಮತ್ತು ಉಪ್ಪು ತುಂಬಬೇಕು. ಗಿರಣಿಯ ಅಂಗಳವೆಲ್ಲ ಕಲ್ಲು ಗರಸು ಹಾಕಿ ಗುದ್ದಿದ ಒಣ ನೆಲ. ಹಸಿ ಇದ್ದದ್ದು ಹಿಂದಿನ ಗೋಡೆಗೆ ಹತ್ತಿದ ಎರೆಹೊಲದಲ್ಲಿ. ಅದು ಯಲ್ಲಪ್ಪನ ಹೊಲ. ಯಲ್ಲಪ್ಪ ಸಾವಕಾರರ ಹತ್ತಿರ ನೆಲ ಅಗೆಯುವ ಕೆಲಸಕ್ಕೂ ಬರುತ್ತಿದ್ದ, ಪಂಪಿನ ಮನೆಯ ಎಂಜಿನ್ನನ್ನೂ ಆ ವರ್ಷದಿಂದ ಅವನೇ ನೋಡಿಕೊಳ್ಳುತ್ತಿದ್ದ. ‘ಇಲ್ಲಿ ಹುಗಿ’ ಎಂದು ಅವನಿಗೆ ಜಾಗ ತೋರಿಸಿ ನಾನು ಕೆರೆಯ ತುದಿಯ ಕೆಲಸಕ್ಕೆ ಹೋದೆ. ಸಂಜೆ ಹ್ಯಾಂಡಲ್ ತಿರುವಿ ಮಾತಾಡಿ ನೋಡಿದರೆ ದನಿ ಬೆಳ್ಳಿ ಗಂಟೆಯ ಹಾಗೆ ಬಂತು. ನಾನು ಮೀಸೆ ತಿರುವಿಕೊಂಡು ಮುರಗೋಡಕ್ಕೆ ಹೋಗಿ, ಸುಗ್ಗಿಗೆ ತಿರುಗಿ ಬಂದೆ.

ಹಂಗಾಮು ಶುರುವಾಗುವ ದಿನ ಬಾಯ್ಲರಿಗೆ ಪೂಜೆ. ಎಂಜಿನ್ ಹೊರಟು ಕೋಠಿಯ ಹೊಸ ದೀಪಗಳೂ ಹತ್ತಿದ್ದವು. ಹೆಣ್ಣುಮಕ್ಕಳೆಲ್ಲ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಅವರ ಮುಂದೆ ಕಲ್ಲವ್ವ. ಯಲ್ಲಪ್ಪನ ಹೆಂಡತಿ, ಸುಟ್ಟು ಸತ್ತ ನೀಲವ್ವನ ಅಕ್ಕ. ನಲವತ್ತರ ಆಸುಪಾಸಿನ, ಎತ್ತರದ, ಮಾತು ಕಡಿಮೆಯ ಹೆಂಗಸು. ಹಣೆಯಲ್ಲಿ ವಿಭೂತಿ, ಬೆನ್ನು ನೆಟ್ಟಗೆ. ಸಾವಕಾರರು ತೆಂಗಿನಕಾಯಿ ಒಡೆದು “ನಡೀರಿ, ಕೋಠಿಗೆ ಹೋಗ್ರಿ” ಎಂದಾಗ ಆಕೆ ಕದಲಲಿಲ್ಲ.

“ಮೊದಲ ಆ ಪೆಟಗಿ ಮಾತಾಡಿಸಿ ತೋರಸ್ರಿ,” ಎಂದಳು.

“ಹೋಗಿ ಕೇಳವಾ. ಮಾಸ್ತರ, ಕೇಳಸ್ರಿ,” ಎಂದರು ಸಾವಕಾರರು.

ನಾನು ದೊಡ್ಡ ಗತ್ತಿನಿಂದ ಹ್ಯಾಂಡಲ್ ತಿರುವಿದೆ. ಆಚೆ ಪಂಪಿನ ಮನೆಯಲ್ಲಿ ಯಲ್ಲಪ್ಪ ಎತ್ತಿದ್ದು ತಿಳಿಯಿತು. ಕೇಳುವ ಕೊಳವೆಯನ್ನು ಕಲ್ಲವ್ವನ ಕಿವಿಗೆ ಕೊಟ್ಟೆ. ಆಕೆ ಬಹಳ ಹೊತ್ತು ಕೇಳಿದಳು. ಆಮೇಲೆ ಅದನ್ನು ನನ್ನ ಕೈಗೆ ವಾಪಸು ಕೊಟ್ಟಳು.

“ಇದರಾಗ ಜೇನಹುಳ ಅದಾವ್ರಿ ಮಾಸ್ತರ. ಮನಶ್ಯಾರ ದನಿ ಇಲ್ಲ.”

ಕಿವಿಗೆ ಹಿಡಿದೆ. ಗುಂಯ್! ಯಲ್ಲಪ್ಪ ಅದರ ಹಿಂದೆಲ್ಲೋ ಒದರುತ್ತಿದ್ದ, ಒಂದು ಅಕ್ಷರ ತಿಳಿಯಲಿಲ್ಲ. ನನ್ನ ಮುಖದ ಬಣ್ಣವೇ ಹೋಯಿತು.

ಸಾವಕಾರರು ಸಮಾಧಾನ ಹೇಳಲು ನೋಡಿದರು. “ದನಿ ಬರದಿದ್ರ ಬಿಡವಾ, ಗಂಟಿ ಬಾರಸತೈತಲ್ಲ? ಗಂಟಿ ಕೇಳಿದ ಕೂಡಲೇ ಯಲ್ಲಪ್ಪ ನೀರು ಬಿಡತಾನ.”

“ಗುಡಿಯೊಳಗೂ ಗಂಟಿ ಬಾರಸತೇವ್ರಿ,” ಎಂದಳು ಕಲ್ಲವ್ವ. “ದೇವರು ಕೇಳಿದ ಅಂತ ಮರಳಿ ಹೇಳ್ಯಾನೇನ್ರಿ? ಆ ಕಡಿಯಿಂದ ‘ನೀರು ಬಿಟ್ಟೇನಿ’ ಅಂತ ಮಾತು ಬರಬೇಕು. ನನ್ನ ಕಿವಿಗೆ ಬರಬೇಕು. ಅಲ್ಲೀತನಕ ನಾವ್ಯಾರೂ ಆ ಕೋಠಿ ಹೊಸ್ತಲಾ ದಾಟೂದಿಲ್ಲ.”

ಹೀಗೆಂದವಳೇ ಅಂಗಳದ ಬೇವಿನ ಗಿಡದ ಕೆಳಗೆ ಕುಳಿತಳು. ಒಬ್ಬೊಬ್ಬರಾಗಿ ಉಳಿದ ಹೆಣ್ಣುಮಕ್ಕಳೂ ಹೋಗಿ ಸುತ್ತ ಕುಳಿತರು. ಸಾವಕಾರರಿಗೆ ಸಿಟ್ಟು ಬಂತು, ಆದರೆ ಬೈಯಲು ಬಾಯಿ ಬರಲಿಲ್ಲ. ನನ್ನನ್ನು ಒಳಗೆ ಕರೆದು ಖಡಾಖಂಡಿತ ಹೇಳಿದರು: “ಹೋಳಿ ಹುಣ್ಣಿಮಿತನಕಾ ತಡಿತೇನಿ. ಆಮ್ಯಾಲ ಬ್ಯಾರೆ ಊರಿಂದ ಮಂದಿ ತರಸ್ತೇನಿ. ಅವರಿಗೇನು, ನೀಲವ್ವ ಗೊತ್ತಿಲ್ಲ, ಬೆಂಕಿ ಗೊತ್ತಿಲ್ಲ. ನಿಮ್ಮ ಪೆಟಗೀನೂ ಕಿತ್ತ ಒಗೀತೇನಿ.”

ಆಗ ನನಗೆ ಪೆಟ್ಟಿಗೆಯ ಚಿಂತೆಯೇ ದೊಡ್ಡದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೊರಗೆ ಬಂದು ಬೇವಿನ ಕೆಳಗೆ ನೋಡಿದೆ. ಸುಗ್ಗಿಯ ಕೂಲಿಯ ಮೇಲೆ ವರ್ಷ ನೂಕುವ ಹೆಣ್ಣುಮಕ್ಕಳು ಕೂಲಿ ಬಿಟ್ಟು ಕುಳಿತಿದ್ದರು. ಹೋಳಿಯ ನಂತರ ಅವರ ಕೂಳು ಹೋಗುತ್ತದೆ, ಬೇರೆ ಊರಿನ ಯಾವಳೋ ನೀಲವ್ವ ಅದೇ ಕೋಠಿಗೆ ಕಾಲಿಡುತ್ತಾಳೆ. ‘ಈ ಗುಂಯ್ ಹುಟ್ಟುವ ಜಾಗ ಹಿಡಿಯದೆ ಈ ಊರು ಬಿಡುವುದಿಲ್ಲ’ ಎಂದು ಹಲ್ಲು ಕಚ್ಚಿದೆ.

ಮೊದಲ ಗುಮಾನಿ ಸರ್ಕಾರಿ ತಂತಿಯ ಮೇಲೆ. ಬೆಳಗಾವಿ ರಸ್ತೆಯ ಗುಂಟ ಟೆಲಿಗ್ರಾಫ್ ತಂತಿ ಹೋಗುತ್ತಿತ್ತು, ನಮ್ಮ ಕಂಬಗಳು ಒಂದಿಷ್ಟು ದೂರ ಅದರ ಮಗ್ಗುಲಿಗೇ ಇದ್ದವು. ಒಂದು ತಂತಿಯ ಸದ್ದು ಪಕ್ಕದ ತಂತಿಗೆ ತಾಗುವುದುಂಟು. ಆಳು ಹಚ್ಚಿ ಆ ಕಂಬಗಳನ್ನೆಲ್ಲ ಕಿತ್ತು ರಸ್ತೆಯಿಂದ ದೂರ ನೆಟ್ಟೆವು. ನೆತ್ತಿ ಸುಡುವ ಬಿಸಿಲು, ಎರೆನೆಲ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು, ಕಂಬ ನಿಲ್ಲಿಸಿದರೆ ವಾಲುತ್ತಿತ್ತು. ಎಲ್ಲ ಮುಗಿಸಿ ಬಂದು ಕಿವಿಗೆ ಹಿಡಿದರೆ ಮತ್ತೆ ಅದೇ ಗುಂಯ್, ಎಳ್ಳಷ್ಟೂ ಕಡಿಮೆಯಿಲ್ಲ.

ಆಮೇಲೆ ಪ್ರತಿ ಕಂಬವನ್ನೂ ಏರಿ, ತಂತಿ ಕಟ್ಟಿದ ಪಿಂಗಾಣಿ ಬುಗುರಿಗಳನ್ನು ಒರೆಸಿದೆ. ಹುಣಸೆ ಟೊಂಗೆ ಒಂದು ತಂತಿಗೆ ತಾಗುತ್ತಿತ್ತು, ಕಡಿಸಿದೆ. ಪೆಟ್ಟಿಗೆಯನ್ನೇ ಬಿಚ್ಚಿ ಒಂದೊಂದು ತಿರುಪನ್ನೂ ಬಿಗಿದೆ. ಊರಿಗೆ ಊರೇ ಒಂದೊಂದು ಔಷಧ ಹೇಳಿತು. ಪೆಟ್ಟಿಗೆಗೆ ದೃಷ್ಟಿಯಾಗಿದೆ, ಲಿಂಬೆಹಣ್ಣು ಇಳಿಸಿರಿ ಎಂದ ಒಬ್ಬ. ಸಾವಕಾರರು ನನ್ನನ್ನು ಕೇಳದೆ ಅದನ್ನೂ ಇಳಿಸಿದರು. ನಾನು ಆ ಲಿಂಬೆಹಣ್ಣನ್ನು ಕೊಯ್ದು ಪಾನಕ ಮಾಡಿ ಕುಡಿದೆ.

ದಿನಾ ಮಧ್ಯಾಹ್ನ ಕಲ್ಲವ್ವ ಬುತ್ತಿಯಲ್ಲಿ ಒಂದು ರೊಟ್ಟಿ, ಸ್ವಲ್ಪ ಝುಣಕ ನನಗೂ ಕಳಿಸುತ್ತಿದ್ದಳು. ಒಮ್ಮೆ ತಾನೇ ತಂದಳು. ನಾನು ಹಟದಿಂದ ಕಂಬದ ಮೇಲೇ ಇದ್ದೆ.

“ಇಳದ ಬಂದು ಉಣ್ರಿ ಮಾಸ್ತರ. ಹೊಟ್ಟಿ ಮ್ಯಾಲ ಸಿಟ್ಟು ಮಾಡಬಾರದು.”

“ನಿನ್ನ ಮ್ಯಾಲ ಸಿಟ್ಟಿಲ್ಲ ಯಕ್ಕಾ, ಈ ಸುಡಗಾಡ ಸಪ್ಪಳದ ಮ್ಯಾಲ.”

“ನಾನೂ ನಿಮ್ಮ ಮ್ಯಾಲ ಹಟಾ ಹಿಡದಿಲ್ರಿ,” ಎಂದಳು. “ಹೋದ ವರ್ಷ ಆ ಕೋಠಿ ಮುಂದ ನಿಂತು ಕೆರಿ ಕಡೆ ಮುಖಾ ಮಾಡಿ ಒದರೇನ್ರಿ. ನೀರು ಬಿಡ್ರೋ, ನೀರು ಬಿಡ್ರೋ ಅಂತ. ಅಷ್ಟ ದೂರ ಯಾರಿಗೆ ಕೇಳಬೇಕು? ಒಳಗ ನಮ್ಮ ನೀಲಿ ‘ಯಕ್ಕಾ’ ಅನ್ನೂದು ನನಗ ಕೇಳತಿತ್ತು. ಆಮ್ಯಾಲ ಅದೂ ನಿಂತತು.”

ನಾನು ಇಳಿದು ಬಂದು ಉಂಡೆ.

ಗುಟ್ಟು ಕೈಗೆ ಹತ್ತಿದ್ದು ಹಸಿ ಕಟ್ಟಿಗೆಯಿಂದ. ಡೈನಮೋ ತಿರುಗಿಸುವುದು ಗಿರಣಿಯ ಉಗಿ ಎಂಜಿನ್. ಹೆಣ್ಣುಮಕ್ಕಳು ಹೊರಗೆ ಕುಳಿತಿದ್ದರೂ ಸಾವಕಾರರು ಅದನ್ನು ನಿಲ್ಲಿಸಿರಲಿಲ್ಲ. ಅದರ ಮಿಸ್ತ್ರಿ ಹಸನಸಾಬ, ತನ್ನ ಡೈನಮೋವನ್ನು ದಿನಕ್ಕೆ ಮೂರು ಸಲ ಒರೆಸುವ ಮನುಷ್ಯ. ಒಂದು ದಿನ ಬಾಯ್ಲರಿಗೆ ಯಾರೋ ಹಸಿ ಕಟ್ಟಿಗೆ ಹಾಕಿ ಉಗಿ ಇಳಿಯಿತು. ಎಂಜಿನ್ನಿಗೆ ದಮ್ಮು ಹತ್ತಿತು, ದೀಪಗಳು ಕೆಂಪಗಾದವು. ಆ ಹೊತ್ತಿಗೆ ಸರಿಯಾಗಿ ನನ್ನ ಕಿವಿಯಲ್ಲಿದ್ದ ಗುಂಯ್ ಕೂಡ ತಗ್ಗಿ ದಪ್ಪ ದನಿಯಾಯಿತು. ಎಂಜಿನ್ ಚೇತರಿಸಿಕೊಂಡಿತು, ಅದೂ ಮತ್ತೆ ಏರಿತು. ನಾನು ಕೊಳವೆ ಬಿಸಾಕಿ ಓಡಿದೆ.

“ಹಸನಸಾಬ! ಡೈನಮೋ ನಿಲ್ಲಸು!”

ನಿಲ್ಲಿಸಿದ. ಓಡಿ ಬಂದು ಕೇಳಿದೆ. ನಿಶ್ಶಬ್ದ. ಯಲ್ಲಪ್ಪ ಪಂಪಿನ ಮನೆಯಲ್ಲಿ ಯಾರದೋ ಎಮ್ಮೆಗೆ ಬೈಯುತ್ತಿದ್ದದ್ದು ಅಚ್ಚುಕಟ್ಟಾಗಿ ಕೇಳಿಸಿತು.

ಹಸನಸಾಬನಿಗೆ ಸಿಟ್ಟು ಬಂತು. “ನನ್ನ ಡೈನಮೋಕ್ಕ ಯಾಕ ಬದನಾಮ ಮಾಡತೀರಿ ಮಾಸ್ತರ? ಮಾತಾಡೂವಾಗ ನಿಲ್ಲಿಸಿದ್ರ ಆತಲ್ಲ?”

“ಬೆಂಕಿ ಬಿದ್ದಾಗ ದೀಪಾ ಆರಸ್ತೀಯೇನೋ ಮಾರಾಯ? ಕತ್ತಲದಾಗ ಆ ಹೆಣ್ಣಮಕ್ಕಳು ಬಾಗಲಾ ಹೆಂಗ ಹುಡಕಬೇಕು?”

ಆತ ತಲೆ ಕೆರೆದುಕೊಂಡ. “ಅದೂ ಖರೇನ ಬಿಡ್ರಿ,” ಎಂದ. ಆಮೇಲೆ ತಾನೇ ಹೇಳಿದ. ಡೈನಮೋ ಹಳೆಯದು, ಅದರ ಕರೆಂಟು ಮೈಗೆ ಸೋರುತ್ತದೆ, ಮುಟ್ಟಿದರೆ ಜಾಡಿಸುತ್ತದೆ. ಯಾರಿಗೂ ಅಪಾಯವಾಗದಿರಲಿ ಎಂದು ಅದರ ಮೈಯಿಂದ ಒಂದು ತಂತಿ ಎಳೆದು ನೀರಿನ ಪೈಪಿಗೆ ಕಟ್ಟಿದ್ದ. ಸೋರಿದ್ದು ಪೈಪಿನಿಂದ ನೆಲಕ್ಕೆ ಹೋಗಲಿ ಎಂದು. ಆ ತಂತಿಯನ್ನು ಬಿಚ್ಚುವ ಹಾಗಿರಲಿಲ್ಲ. ಬಿಚ್ಚಿದರೆ ಆಳುಗಳಿಗೆ ಪೆಟ್ಟು.

ಸರಿ, ಡೈನಮೋದ ಸೋರಿಕೆ ಪೈಪಿಗೆ ಹೋಗುತ್ತದೆ. ನನ್ನ ತಗಡು ಪೈಪಿನಿಂದ ಅಷ್ಟು ದೂರ ಹೊಲದಲ್ಲಿದೆ. ಅಲ್ಲಿಯ ಗುಂಯ್ ಇಲ್ಲಿಗೆ ಯಾಕೆ ಬರಬೇಕು? ಪರೀಕ್ಷೆ ಮಾಡೋಣವೆಂದು ನನ್ನ ನೆಲದ ತಂತಿ ಬಿಚ್ಚಿ, ಬಚ್ಚಲ ನೀರು ಹರಿಯುವ ಹಸಿಯಲ್ಲಿ ಒಂದು ಹಾರೆ ನೆಟ್ಟು ಅದಕ್ಕೆ ಬೇರೆ ತಂತಿ ಕಟ್ಟಿದೆ. ಡೈನಮೋ ಪೂರ್ತಿ ತಿರುಗುತ್ತಿತ್ತು. ಗುಂಯ್ ಇಲ್ಲ! ಆದರೆ ಆ ಬಚ್ಚಲ ಹಸಿ ಬಿಸಿಲಿಗೆ ಆರಿತು, ಅದರ ಜೊತೆ ದನಿಯೂ ಬಡಕಲಾಗಿ ಆರಿತು. ಅದರ ಮೇಲೆ ಜೀವ ನಂಬಿಸುವ ಹಾಗಿರಲಿಲ್ಲ. ಒಂದಂತೂ ಖಚಿತವಾಯಿತು: ದೋಷ ಇದ್ದದ್ದು ನನ್ನ ನೆಲದ ತಂತಿಯಲ್ಲೇ.

ಹೊಲಕ್ಕೆ ಹೋದೆ. ನಾನು ತೋರಿಸಿದ ಜಾಗದಲ್ಲಿ, ಯಾರೋ ಪೂಜೆ ಮಾಡಿ ಕುಂಕುಮ ಹಚ್ಚಿದ ಒಂದು ಕಲ್ಲಿತ್ತು. ಗೋಡೆಯಿಂದ ಬರುವ ತಂತಿಯನ್ನು ಮಣ್ಣಿನಿಂದ ಎಳೆಯುತ್ತ ಹೋದೆ. ಅದು ಕಲ್ಲಿನತನಕ ಬರಲೇ ಇಲ್ಲ. ಗೋಡೆಯ ಬುಡದಲ್ಲೇ ತಿರುಗಿ, ಅದರ ಗುಂಟ ಹೋಗಿ, ನೀರಿನ ಪೈಪಿಗೆ ಸುತ್ತಿಕೊಂಡಿತ್ತು. ಹಸನಸಾಬನ ಡೈನಮೋ ತಂತಿಯ ಮಗ್ಗುಲಿಗೇ! ಮಳೆಗಾಲ ಮುಗಿದಾಗ ಡೈನಮೋ ಇನ್ನೂ ತಿರುಗುತ್ತಿರಲಿಲ್ಲ, ಅದಕ್ಕೇ ಆಗ ದನಿ ನಿಚ್ಚಳ ಬಂದಿತ್ತು. ನನ್ನ ಮೈಯೆಲ್ಲ ಉರಿಯಿತು. ಪಂಪಿನ ಮನೆಗೆ ಹೇಗೆ ಹೋದೆನೋ ನೆನಪಿಲ್ಲ.

“ಯಲ್ಲಪ್ಪಾ! ತಗಡು ಎಲ್ಲೈತಿ?”

“ಮನ್ಯಾಗ ಐತ್ರಿ,” ಎಂದ ಆತ ನೆಮ್ಮದಿಯಿಂದ. “ದೇವರ ಜಗಲಿ ಮ್ಯಾಲ ಇಟ್ಟೇವ್ರಿ. ತಾಮ್ರ ಅಲ್ರಿ? ದಿನಾ ಪೂಜಿ ಆಗತೈತಿ.”

“ಪೂಜಿ ಹಚ್ಚ್ಯಾನ ಪೂಜಿ! ಹುಗಿ ಅಂದಿದ್ನಲ್ಲೋ!”

“ಹೆಂಗ ಹುಗೀಬೇಕ್ರಿ? ಸೀಗಿ ಹುಣ್ಣಿಮಿ ಆಗಿತ್ತು. ಹೊಲಾ ಬಸುರಿ. ನಾನು ಹಾರಿ ಎತ್ತಿದ್ದೆ, ನಮ್ಮಾಕಿ ಓಡಿ ಬಂದ್ಲು. ಬಸುರಿ ಹೊಟ್ಟಿಗೆ ಹಾರಿ ಹಾಕತೀಯಾ, ಮ್ಯಾಲ ಉಪ್ಪ ಬ್ಯಾರೆ ಸುರೀತೀಯಾ ಅಂತ ಕೈ ಹಿಡದ್ಲು. ಪೈಪೂ ನೆಲದಾಗನ ಹೋಗತೈತಲ್ಲ, ಅದಕ್ಕ ಕಟ್ಟಿದ್ರ ಭೂಮಿಗೆ ಮುಟ್ಟತೈತಿ ಅಂತ ಕಟ್ಟೇವ್ರಿ. ಮಾತೂ ಬಂತಲ್ರಿ?”

ನಾನು ಮುಂದೆ ಬೈಯಲಿಲ್ಲ. ನಾನೂ ರೈತನ ಮಗನೇ. ಸೀಗಿ ಹುಣ್ಣಿಮೆಗೆ ಬೆಳೆ ತುಂಬಿ ನಿಂತ ಹೊಲವನ್ನು ನಮ್ಮಲ್ಲಿ ಬಸುರಿ ಹೆಂಗಸೆಂದೇ ನಡೆಸಿಕೊಳ್ಳುತ್ತೇವೆ. ಬಗೆಬಗೆಯ ಅಡಿಗೆ ಮಾಡಿಕೊಂಡು ಹೋಗಿ ಬಯಕೆಯ ಊಟ ಬಡಿಸುತ್ತೇವೆ, ಆ ಅಡಿಗೆಯನ್ನೇ ಹೊಲದ ತುಂಬ ಚರಗವೆಂದು ಚೆಲ್ಲುತ್ತೇವೆ. ಆ ದಿನಗಳಲ್ಲಿ ನನ್ನ ಅವ್ವನ ಹೊಲದಲ್ಲಿ ಯಾರಾದರೂ ಆಳುದ್ದ ಗುಂಡಿ ತೋಡಿ ಉಪ್ಪು ತುಂಬಲು ಬಂದಿದ್ದರೆ ಅವಳು ಕುಡುಗೋಲು ಹಿಡಿದು ನಿಲ್ಲುತ್ತಿದ್ದಳು. ತಪ್ಪೆಂದು ಯಾರಿಗೆ ಹೇಳಲಿ? ಯಲ್ಲಪ್ಪ ಕೈ ಹಿಡಿದುಕೊಂಡ. “ಆಕಿಗೆ ಇದನ್ನ ಹೇಳಬ್ಯಾಡ್ರಿ ಮಾಸ್ತರ. ಎದಿ ಒಡಕೋತಾಳ,” ಎಂದ.

ಹೇಳದೆ ದಾರಿ ಇರಲಿಲ್ಲ. ಎರಡನೆಯ ತಂತಿ ಎಳೆದು ನೆಲವೇ ಬೇಡ ಎನ್ನಬಹುದಿತ್ತು, ಆದರೆ ಅಷ್ಟು ತಂತಿ ಮುಂಬಯಿಯಿಂದ ಬರುವಷ್ಟರಲ್ಲಿ ಹಂಗಾಮೇ ಮುಗಿಯುತ್ತಿತ್ತು. ಪೈಪಿನಿಂದ ದೂರ ಇರುವ, ತಳದಲ್ಲಿ ಹಸಿಯಿರುವ ನೆಲ ಅದೊಂದೇ. ಹೋಳಿ ಎದುರಿಗೆ ಬಂದು ನಿಂತಿತ್ತು. ಬೇವಿನ ಗಿಡದ ಹತ್ತಿರ ಹೋಗಿ ಕಲ್ಲವ್ವನನ್ನು ಈಚೆ ಕರೆದು, ಸುತ್ತು ಬಳಸದೆ ಎಲ್ಲ ಹೇಳಿಬಿಟ್ಟೆ.

ಆಕೆ ನನ್ನ ಮುಖವನ್ನೇ ನೋಡಿದಳು. “ಅಂದರ, ಇಷ್ಟ ದಿನಾ ಈ ಹೆಣ್ಣಮಕ್ಕಳ ಕೂಳಿಗೆ ಅಡ್ಡ ಕುಂತಾಕಿ ನಾನ ಅನ್ರಿ.”

“ಹಂಗಲ್ಲ ಯಕ್ಕಾ, ನಿನಗೇನ ಗೊತ್ತು...”

“ಸಮಾಧಾನ ಬ್ಯಾಡ್ರಿ. ಏನ ಮಾಡಬೇಕು, ಅದನ್ನ ಹೇಳ್ರಿ.”

“ಅಲ್ಲೇ ಅಗೀಬೇಕು. ಹಸಿ ಹತ್ತೂತನಕಾ. ಇದ್ದಲಿ, ಉಪ್ಪು ಹಾಕಬೇಕು.”

ಆಕೆಯ ಕಣ್ಣು ಗೋಡೆಯಾಚೆ ಹೋಯಿತು. ಹೊಲದಲ್ಲಿ ಹತ್ತಿ ಒಂದು ಸಲ ಬಿಡಿಸಿಯಾಗಿತ್ತು. ಎರಡನೆಯ ಬಿಡಿಸುವಿಕೆಗೆ ಕಾಯಿ ಇನ್ನೂ ಗಿಡದ ಮೇಲಿತ್ತು, ಅರ್ಧ ಒಡೆದದ್ದು, ಅರ್ಧ ಹಸಿರು. “ಇನ್ನೂ ಹಡದು ಮುಗಿಸಿಲ್ರಿ ಆಕಿ,” ಎಂದಳು ಮೆಲ್ಲಗೆ. ಸಾವಕಾರರು ಬಂದು ಬೆಳೆಯ ಬದಲು ದುಡ್ಡು ಕೊಡುತ್ತೇನೆಂದರು. ಆಕೆ ಅವರ ಕಡೆ ತಿರುಗಲೂ ಇಲ್ಲ. ಎದ್ದು ಮನೆಗೆ ಹೋದಳು. ನನಗೆ ಆಸೆ ಬಿಟ್ಟಿತು.

ಮರುದಿನ ಹೊತ್ತು ಮೂಡುವಾಗ ಹೋದರೆ ಕಲ್ಲವ್ವ ಹೊಲದಲ್ಲಿದ್ದಳು. ಆ ಕುಂಕುಮದ ಕಲ್ಲಿನ ಸುತ್ತಲಿನ ಹತ್ತಿಗಿಡಗಳನ್ನು ಒಂದೊಂದಾಗಿ ಬೇರುಸಹಿತ ಕೀಳುತ್ತಿದ್ದಳು. ಎರೆನೆಲ ಒಣಗಿ ಕಲ್ಲಾಗಿತ್ತು, ಗಿಡ ಸುಮ್ಮನೆ ಬರುತ್ತಿರಲಿಲ್ಲ. ಅಂಗೈ ಹರಿದಿತ್ತು. ಒಡೆದ ಕಾಯಿಯ ಹತ್ತಿಯನ್ನು ಉಡಿಗೆ ಹಾಕಿಕೊಳ್ಳುತ್ತಿದ್ದಳು. ಹಸಿರು ಕಾಯಿಯನ್ನು ಮಾತ್ರ ಹಣೆಗೆ ಒತ್ತಿ ಮಗ್ಗುಲಿಗೆ ಇಡುತ್ತಿದ್ದಳು.

“ಬೆಳಿ ಇದ್ದ ನೆಲಕ್ಕ ಹಾರಿ ಹಾಕಬಾರದು ಮಾಸ್ತರ,” ಎಂದಳು ತಲೆ ಎತ್ತದೆ. “ಬೆಳಿ ತಗದ ನೆಲಕ್ಕ ಹಾಕಬಹುದು. ಇಷ್ಟ ಜಾಗಾದಾಗಿಂದು ನಾನ ತಗೀತೇನಿ. ಪಾಪ ಬಂದ್ರ ನನಗ ಬರಲಿ.”

ಗೋಡೆಯ ಮೇಲಿಂದ ನೋಡುತ್ತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಇಳಿದು ಬಂದರು. ಅವಳು ಬೇಡವೆಂದಳು, ಯಾರೂ ಕೇಳಲಿಲ್ಲ. ಜಾಗ ಬರಿದಾಯಿತು. ಕಲ್ಲವ್ವ ಮನೆಯಿಂದ ತಂದ ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಇಟ್ಟು ಆ ನೆಲಕ್ಕೆ ಉಡಿ ತುಂಬಿದಳು, ಬಾಣಂತಿಗೆ ತುಂಬುವ ಹಾಗೆ. ಆಮೇಲೆ ಹಾರೆಯನ್ನು ಗಂಡನ ಮುಂದೆ ಹಿಡಿದು “ಅಗೀರಿ ಇನ್ನ,” ಎಂದಳು. ಯಲ್ಲಪ್ಪ ಕಣ್ಣೊರೆಸಿಕೊಂಡೇ ಅಗೆದ.

ಮೇಲಿನ ಮಣ್ಣು ಬಿರುಕು ಬಿಟ್ಟ ಹೆಂಟೆ. ಎದೆಯಾಳ ಹೋದ ಮೇಲೆ ಬಣ್ಣ ಕಪ್ಪೇರಿತು. ಇನ್ನೂ ಕೆಳಗೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವ ಹಸಿ ಸಿಕ್ಕ ಮೇಲೆ ಸಾಕೆಂದೆ. ದೇವರ ಜಗಲಿಯ ತಗಡು ಬಂತು, ಅದರ ಮೇಲಿನ ಕುಂಕುಮ ಒರೆಸಲು ನನಗೂ ಮನಸ್ಸಾಗಲಿಲ್ಲ. ತಂತಿ ಬೆಸೆದು ಇಳಿಸಿದೆವು. ಇದ್ದಲಿ ತುಂಬಿದೆವು. ಉಪ್ಪಿನ ಚೀಲಕ್ಕೆ ಯಾರೂ ಕೈ ಹಚ್ಚಲಿಲ್ಲ. ನೆಲಕ್ಕೆ ಉಪ್ಪು ಚೆಲ್ಲಿದರೆ ಸತ್ತ ಮೇಲೆ ಅದನ್ನು ಕಣ್ಣರೆಪ್ಪೆಯಿಂದ ಆರಿಸಬೇಕಾಗುತ್ತದೆ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನೇ ಹಾಕಲು ಬಗ್ಗಿದೆ. ಕಲ್ಲವ್ವ ಚೀಲ ಕಸಿದುಕೊಂಡಳು.

“ಹೊಲಾ ನಂದು. ಆರಸೂದಾದ್ರ ನಾನ ಆರಸ್ತೇನಿ,” ಎಂದು ಪೂರಾ ಸುರಿದಳು. ಕೊಡಗಟ್ಟಲೆ ನೀರು ಹೊಯ್ದು ಗುಂಡಿ ಮುಚ್ಚಿದೆವು. ಪೈಪಿನ ಮೇಲಿದ್ದ ನನ್ನ ತಂತಿಯನ್ನು ನಾನೇ ಕತ್ತರಿಸಿ ಒಗೆದೆ.

ಯಲ್ಲಪ್ಪ ಪಂಪಿನ ಮನೆಗೆ ಹೋದ. ಹಸನಸಾಬನಿಗೆ “ಡೈನಮೋ ಇದ್ದಷ್ಟು ಜೋರು ಬಿಡು, ಕೋಠಿಯ ದೀಪ ಎಲ್ಲಾ ಹಚ್ಚು,” ಎಂದೆ. ಗಿರಣಿ ಗುಡುಗಿತು. ಪೆಟ್ಟಿಗೆಯ ಸುತ್ತ ಜನವೋ ಜನ. ನಾನು ಮೊದಲು ಕೇಳಿ ನೋಡಲಿಲ್ಲ. ಮೊದಲು ಕೇಳುವ ಹಕ್ಕು ಅವಳದು. ಹ್ಯಾಂಡಲ್ ತಿರುವಿ ಕೊಳವೆಯನ್ನು ಕಲ್ಲವ್ವನ ಕಿವಿಗೆ ಕೊಟ್ಟು, ಮಾತಾಡುವ ಬಾಯಿಯ ಎದುರು ನಿಲ್ಲಿಸಿದೆ.

ಆಕೆಯ ಮುಖ ನೋಡುತ್ತಿದ್ದೆ. ಹುಬ್ಬು ಗಂಟಿಕ್ಕಿತು, ಸಡಿಲಾಯಿತು. “ಕೇಳಸ್ತೈತ್ರೀ,” ಎಂದಳು, ನಮಗಲ್ಲ, ಗಂಡನಿಗೆ. ಆತ ಏನೋ ಅಂದ. ಈಗ ಆಕೆ ‘ನೀರು ಬಿಡ್ರಿ’ ಎನ್ನಬೇಕು, ಆತ ‘ಬಿಟ್ಟೇನಿ’ ಎನ್ನಬೇಕು, ಬರೀ ಬಾಯಿಮಾತಿಗೆ. ಹಾಗೆಂದು ಮೊದಲೇ ಮಾತಾಗಿತ್ತು.

ಕಲ್ಲವ್ವ ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಆಕೆ ಅಷ್ಟು ದೊಡ್ಡ ದನಿ ತೆಗೆದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

“ನೀರು ಬಿಡ್ರೀ! ಲಗೂ ಬಿಡ್ರಿ! ನಮ್ಮ ನೀಲಿ ಒಳಗದಾಳ! ಯಕ್ಕಾ ಅನ್ನಾಕತ್ತಾಳ, ಲಗೂ ಬಿಡ್ರೀ!”

ಆಚೆ ಕಡೆಯವನು ಎದ್ದು ಎಂಜಿನ್ ಹಚ್ಚಲು ಹೋಗಿದ್ದನೆಂದು ಕಾಣುತ್ತದೆ, ಆಕೆ ಕಿವಿಯಿಂದ ಕೊಳವೆ ತೆಗೆಯಲೇ ಇಲ್ಲ. ಆಮೇಲೆ ಆಕೆಯ ಗಲ್ಲದ ಮೇಲೆ ನೀರಿಳಿಯಿತು. ಯಲ್ಲಪ್ಪ ಹೇಳಿದ್ದು ಮಗ್ಗುಲಲ್ಲಿ ನಿಂತ ನನಗೂ ಸಣ್ಣಗೆ ಕೇಳಿಸಿತು: “ಬಿಟ್ಟೇನಿ. ಬಿಟ್ಟೇನಿ, ನೀರು ಬಿಟ್ಟೇನಿ.”

ಅವನು ಖರೇನೇ ಬಿಟ್ಟಿದ್ದ. ಕೋಠಿಯ ಮುಂದೆ ಬಾಯಿ ತೆರೆದುಕೊಂಡಿದ್ದ ಪೈಪು ಮೊದಲು ಕೆಮ್ಮಿತು, ಕೆಂಪು ತುಕ್ಕು ಉಗುಳಿತು, ಆಮೇಲೆ ಕೆರೆಯ ನೀರು ಆಳೆತ್ತರ ನುಗ್ಗಿ ಅಂಗಳದ ತುಂಬ ಹರಿಯಿತು. ಇದಾವುದೂ ತಿಳಿಯದ ಸಾವಕಾರರು ಒಳಗಿಂದ ಧೋತರ ಎತ್ತಿಕೊಂಡು ಓಡಿ ಬಂದರು. “ಎಲ್ಲೈತಿ? ಬೆಂಕಿ ಎಲ್ಲೈತಿ?” ಎಂದು ಕೂಗಿದರು.

ಕಲ್ಲವ್ವ ಕೊಳವೆಯನ್ನು ಕೊಂಡಿಗೆ ಸಿಕ್ಕಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ಬೆಂಕಿ ಹೋದ ವರ್ಷದ್ದ್ರಿ, ಸಾವಕಾರ್ರ. ನೀರು ಈಗ ಬಂತು,” ಎಂದು ಸೆರಗು ಬಿಗಿದು ಕೋಠಿಯ ಹೊಸ್ತಿಲು ದಾಟಿದಳು. ಉಳಿದವರು ಒದ್ದೆ ಕಾಲಿನಲ್ಲೇ ಅವಳ ಹಿಂದೆ ಹೋದರು.